ಟ್ರೈಬೆಕಾದಲ್ಲಿ ಹಳೇ ಲಾಫ್ಟ್ ಕೊಳ್ಳುತ್ತೀರಾ? ಮೊದಲು ಕಟ್ಟಡ ನೋಡಿ

ಹನ್ನೆರಡು ಅಡಿ ಎತ್ತರದ ಸೂರು, ಕಬ್ಬಿಣದ ಕಂಬಗಳ ಸಾಲು, ಆಳೆತ್ತರದ ಕಿಟಕಿ, ಒಂದು ಬದಿಗೆ ಗಾರೆ ಕೆರೆದು ಬಿಟ್ಟ ಇಟ್ಟಿಗೆ ಗೋಡೆ. ನ್ಯೂಯಾರ್ಕಿನ ಟ್ರೈಬೆಕಾದಲ್ಲಿ ಮಾರಾಟಕ್ಕಿರುವ ಯಾವ ಲಾಫ್ಟಿನ, ಅಂದರೆ ಹಳೇ ಗೋದಾಮಿನ ಮಹಡಿಯನ್ನು ಮನೆ ಮಾಡಿದ್ದರ, ಫೋಟೋ ತೆಗೆದರೂ ಇಷ್ಟು ಇದ್ದೇ ಇರುತ್ತದೆ. ನೋಡಿದ ಕೂಡಲೇ ಮನಸ್ಸು ಸೋಲುತ್ತದೆ. ನಮ್ಮದೂ ಸೋತಿತ್ತು. ನಾನು ಮತ್ತು ನನ್ನ ಹೆಂಡತಿ ಎರಡು ವರ್ಷ ಹುಡುಕಿದೆವು. ಮೊದಲನೆಯದು ಕೈತಪ್ಪಿತು, ಎರಡನೆಯದನ್ನು ನಾವೇ ಬಿಟ್ಟೆವು, ಮೂರನೆಯದರಲ್ಲಿ ಈಗ ಕೂತು ಇದನ್ನು ಬರೆಯುತ್ತಿದ್ದೇನೆ. ಮಕ್ಕಳು ಕಾಲೇಜಿಗೆ ಹೋದ ಮೇಲೆ ನ್ಯೂಜೆರ್ಸಿಯ ದೊಡ್ಡ ಮನೆ ಮಾರಿ ಸಿಟಿಗೆ ಬರಬೇಕು ಅಂತಿರುವ ಕನ್ನಡದ ಗೆಳೆಯರು ಮೂರ್ನಾಲ್ಕು ಮಂದಿ ಇದನ್ನೇ ಕೇಳಿದರು, ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವಾಗ ಏನಾದರೂ ಒಂದು ಬಿಟ್ಟೇ ಹೋಗುತ್ತಿತ್ತು, ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಾನು ಕಲಿತದ್ದು ಇಷ್ಟು. ಲಾಫ್ಟ್ ಕೊಳ್ಳುವಾಗ ಮನೆಗಿಂತ ಮೊದಲು ಕಟ್ಟಡ ನೋಡಬೇಕು. ಯಾವ ಕೆಲಸಕ್ಕೆಂದು ಕಟ್ಟಿದ್ದು, ಜನ ವಾಸ ಮಾಡುವ ಮನೆಯಾಗಿ ಬದಲಾದದ್ದು ಯಾವಾಗ, ಆ ಬದಲಾವಣೆಗೆ ಕಾಗದ ಇದೆಯಾ, ಬೆಳಕು ಎಲ್ಲಿಂದ ಬರುತ್ತಿದೆ. ಅಡುಗೆಮನೆ ಕೆಟ್ಟದಿದ್ದರೆ ಕಿತ್ತು ಹೊಸದು ಮಾಡಿಸಬಹುದು. ಕಿಟಕಿ ಎಲ್ಲಿದೆಯೋ ಅಲ್ಲೇ ಇರುತ್ತದೆ.

ನಿಜವಾದ ಲಾಫ್ಟ್, ಲಾಫ್ಟ್ ತರಹದ್ದು

ಜಾಹೀರಾತುಗಳಲ್ಲಿ ಹಳೇ ಕಟ್ಟಡಕ್ಕೆ ಪ್ರೀವಾರ್ ಎಂದು ಬರೆದಿರುತ್ತಾರೆ, ಅಂದರೆ ಎರಡನೇ ಮಹಾಯುದ್ಧಕ್ಕೆ ಮುಂಚೆ ಕಟ್ಟಿದ್ದು. ಲಾಫ್ಟ್ ಅಂದರೆ ಗೋದಾಮಿನದೋ ಕಾರ್ಖಾನೆಯದೋ ಒಂದು ಮಹಡಿ, ಆಮೇಲೆ ಮನೆಯಾದದ್ದು. ಟ್ರೈಬೆಕಾ ಎಂಬ ಹೆಸರು 'ಕೆನಾಲ್ ರಸ್ತೆಯ ಕೆಳಗಿನ ತ್ರಿಕೋನ' ಎಂಬ ಇಂಗ್ಲಿಷ್ ಮಾತಿನ ಮೊಟಕು ರೂಪ. ಹಿಂದೆ ಇಲ್ಲಿ ಬೆಣ್ಣೆ, ಮೊಟ್ಟೆ, ಚೀಸ್, ಹಣ್ಣು, ತರಕಾರಿಯ ಸಗಟು ವ್ಯಾಪಾರ ನಡೆಯುತ್ತಿತ್ತು, ನಮ್ಮ ಬೆಂಗಳೂರಿನ ತರಗುಪೇಟೆ ಇದ್ದ ಹಾಗೆ. 1960ರ ದಶಕದಲ್ಲಿ ಆ ವ್ಯಾಪಾರ ಬ್ರಾಂಕ್ಸ್‌ನ ಹಂಟ್ಸ್ ಪಾಯಿಂಟ್‌ಗೆ ಹೋಯಿತು. ಖಾಲಿಯಾದ ಮಹಡಿಗಳಿಗೆ ಕಲಾವಿದರು ಬಂದರು. ಬಾಡಿಗೆ ಕಮ್ಮಿ, ಜಾಗ ಜಾಸ್ತಿ, ಆದರೆ ಅಲ್ಲಿ ವಾಸ ಮಾಡಲು ಕಾನೂನಿನಲ್ಲಿ ಅವಕಾಶ ಇರಲಿಲ್ಲ. 1982ರ ಲಾಫ್ಟ್ ಕಾನೂನು ಇಂಥ ಬಾಡಿಗೆದಾರರಿಗೆ ರಕ್ಷಣೆ ಕೊಟ್ಟು, ಕಟ್ಟಡಗಳನ್ನು ಸರಿಯಾದ ವಾಸದ ಮನೆಗಳಾಗಿ ಮಾಡಲು ಮಾಲೀಕರಿಗೆ ದಾರಿ ಹಾಕಿತು. ಇಷ್ಟು ಇತಿಹಾಸ ಗೊತ್ತಿದ್ದರೆ ಸಾಕು, ಮುಂದೆ ವಕೀಲರು ಹೇಳುವ ಅರ್ಧ ಮಾತು ತಾನಾಗೇ ಅರ್ಥವಾಗುತ್ತದೆ.

ಜಾಹೀರಾತಿನಲ್ಲಿ 'ಲಾಫ್ಟ್ ಸ್ಟೈಲ್' ಎಂದು ಕಂಡರೆ ಸ್ವಲ್ಪ ನಿಲ್ಲಿ. ಮಾಮೂಲಿ ಅಪಾರ್ಟ್‌ಮೆಂಟಿನ ಒಳಗೋಡೆ ಒಡೆದು ಹಾಲ್ ದೊಡ್ಡದು ಮಾಡಿದ್ದಕ್ಕೂ ಹಾಗೇ ಬರೆಯುತ್ತಾರೆ, ಹತ್ತು ವರ್ಷದ ಹಿಂದೆ ಕಟ್ಟಿದ ಗಾಜಿನ ಕಟ್ಟಡದಲ್ಲಿ ಸೂರು ಎತ್ತರ ಇಟ್ಟಿದ್ದಕ್ಕೂ ಹಾಗೇ ಬರೆಯುತ್ತಾರೆ. ಅವು ಕೆಟ್ಟ ಮನೆಗಳು ಅಂತಲ್ಲ. ಆದರೆ ಲಾಫ್ಟಿನ ಬೆಲೆ ಕೊಟ್ಟು ಅದನ್ನು ತೆಗೆದುಕೊಳ್ಳಬಾರದು, ಅಲ್ವಾ? ಗುರುತು ಹಿಡಿಯುವುದು ಕಷ್ಟವಲ್ಲ. ಕಟ್ಟಡದ ಹೊರಗೆ ನಿಂತು ನೋಡಿ. ನಿಜವಾದ ಗೋದಾಮಿನ ಮುಂದೆ ಸರಕು ಇಳಿಸುವ ಕಲ್ಲಿನ ಕಟ್ಟೆ, ಮೇಲೆ ಕಬ್ಬಿಣದ ಚಪ್ಪರ ಇನ್ನೂ ಉಳಿದಿರುತ್ತದೆ. ಕಾಲುದಾರಿಯಲ್ಲಿ ದಪ್ಪ ಗಾಜಿನ ಬಿಲ್ಲೆ ಕೂರಿಸಿದ ಕಬ್ಬಿಣದ ತಟ್ಟೆಗಳು ಇರಬಹುದು, ಕೆಳಗಿನ ನೆಲಮಾಳಿಗೆಗೆ ಹಗಲು ಬೆಳಕು ಬಿಡಲು ಮಾಡಿದ್ದು. ಒಳಗೆ ಕಂಬಗಳು ಸಮಾನ ದೂರದಲ್ಲಿ ಸಾಲಾಗಿ ನಿಂತಿರುತ್ತವೆ. ಸರಕಿನ ಲಿಫ್ಟ್ ಇರುತ್ತದೆ, ಎಷ್ಟೋ ಕಡೆ ಅದು ನೇರವಾಗಿ ಮನೆಯೊಳಗೇ ತೆರೆಯುತ್ತದೆ. ಅಂಥ ಲಿಫ್ಟಿಗೆ ಕೀಲಿ ಇರುತ್ತದೆ, ಆ ಕೀಲಿ ಯಾರ್ಯಾರ ಬಳಿ ಇದೆ ಎಂದು ಕೇಳಲು ಮರೆಯಬೇಡಿ.

ಮನೆಗೆ ಹೋಗುವ ಮೊದಲು ಕಾಗದ

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಕೊಳ್ಳುವವರು ಓಸಿ ಇದೆಯಾ, ಖಾತಾ ಯಾವುದು, ಇಸಿ ತೆಗೆಸಿದ್ದೀರಾ ಎಂದು ಕೇಳುತ್ತಾರೆ. ಅದೇ ಅಭ್ಯಾಸವನ್ನು ಇಲ್ಲಿಗೂ ತನ್ನಿ. ಇಲ್ಲೂ ಓಸಿ ಇದೆ, ಸರ್ಟಿಫಿಕೇಟ್ ಆಫ್ ಆಕ್ಯುಪೆನ್ಸಿ. ನಗರದ ಬಿಲ್ಡಿಂಗ್ಸ್ ಇಲಾಖೆಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ಬಿಟ್ಟಿಯಾಗಿ ಸಿಗುತ್ತದೆ. ಅದರಲ್ಲಿ ಮಹಡಿವಾರು ಬರೆದಿರುತ್ತದೆ, ಈ ಮಹಡಿ ವಾಸಕ್ಕೆ, ಈ ಮಹಡಿ ಅಂಗಡಿಗೆ, ಇಷ್ಟು ಮನೆ ಅಂತ. ನೀವು ನೋಡುತ್ತಿರುವ ಮಹಡಿ ಅದರಲ್ಲಿ ವಾಸಕ್ಕೆ ಎಂದು ಇರಬೇಕು. ನೆಲಮಾಳಿಗೆ ಸೇರಿಸಿ ಎರಡು ಅಂತಸ್ತಿನ ಮನೆ ಎಂದು ಮಾರುವವರಿದ್ದಾರೆ. ಆ ಕೆಳಗಿನ ಅಂತಸ್ತು ಕಾಗದದಲ್ಲಿ ಬರೀ ಸಾಮಾನು ಇಡುವ ಜಾಗ ಆಗಿರಬಹುದು. ಅಲ್ಲಿ ಮಲಗುವ ಕೋಣೆ ಮಾಡಿದರೆ ಅದು ಕಾನೂನಿಗೆ ವಿರುದ್ಧ.

ಅದೇ ವೆಬ್‌ಸೈಟಿನಲ್ಲಿ ಕಟ್ಟಡದ ಮೇಲಿರುವ ದೂರು, ದಂಡ, ಅರ್ಧಕ್ಕೆ ನಿಂತ ಪರ್ಮಿಟ್ ಎಲ್ಲ ಕಾಣುತ್ತವೆ. ಹಿಂದಿನ ಮಾಲೀಕರು ಬಚ್ಚಲುಮನೆ ಜಾಗ ಬದಲಾಯಿಸಿ ಪರ್ಮಿಟ್ ಮುಗಿಸದೆ ಬಿಟ್ಟಿದ್ದರೆ ಆ ತಲೆನೋವು ಮನೆಯ ಜೊತೆಗೇ ನಿಮಗೆ ಬರುತ್ತದೆ. ಕೊಳ್ಳುವ ಮುಂಚೆಯೇ ಮಾರುವವರಿಂದ ಮುಗಿಸಿಕೊಳ್ಳಿ. ಇನ್ನು ಕ್ರಯಪತ್ರ, ಅಡಮಾನ ನೋಡಲು ಏಕ್ರಿಸ್ ಎಂಬ ನಗರದ ತಾಣ ಇದೆ, ಮ್ಯಾನ್‌ಹಟನ್‌ನ ದಾಖಲೆ 1966ರಿಂದ ಇಲ್ಲಿವರೆಗೂ ಸಿಗುತ್ತದೆ. ನಮ್ಮ ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಇಸಿ ನೋಡಿದ ಹಾಗೇ. ಮಾರುವವರು ಎಷ್ಟಕ್ಕೆ ಕೊಂಡಿದ್ದರು, ಅದೇ ಕಟ್ಟಡದ ಪಕ್ಕದ ಮನೆ ಎಷ್ಟಕ್ಕೆ ಹೋಯಿತು, ಎಲ್ಲ ಅಲ್ಲೇ ಇದೆ. ಬೆಲೆ ಮಾತಾಡುವ ಹಿಂದಿನ ರಾತ್ರಿ ಒಂದು ಗಂಟೆ ಅದರಲ್ಲಿ ಕೂತುಕೊಳ್ಳಿ.

ಕೆನಾಲ್ ರಸ್ತೆ ದಾಟಿ ಸೋಹೋ ಕಡೆಗೂ ನೋಡುವವರಿಗೆ ಇನ್ನೊಂದು ಮಾತು. ಅಲ್ಲಿನ ಎಷ್ಟೋ ಲಾಫ್ಟುಗಳು 1971ರ ನಿಯಮದಂತೆ ಕಲಾವಿದರು ಇದ್ದುಕೊಂಡು ಕೆಲಸ ಮಾಡುವ ಜಾಗಗಳು. ನಗರದ ಸಂಸ್ಕೃತಿ ಇಲಾಖೆಯಿಂದ ಕಲಾವಿದರೆಂಬ ಪ್ರಮಾಣಪತ್ರ ಇದ್ದವರು ವಾಸ ಮಾಡಲೆಂದು ಮಾಡಿದ್ದು. ಬಹಳ ವರ್ಷ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ, ಆದರೆ ಕಾಗದದಲ್ಲಿ ಅದು ಹಾಗೇ ಉಳಿದಿದೆ. 2021ರ ಡಿಸೆಂಬರ್‌ನಲ್ಲಿ ನಗರ ವಲಯ ನಿಯಮ ಬದಲಾಯಿಸಿತು. ಮಾಮೂಲಿ ವಾಸದ ಮನೆಯಾಗಿ ಮಾಡಿಕೊಳ್ಳಲು ಚದರಡಿಗೆ 100 ಡಾಲರ್ ಕಲಾನಿಧಿಗೆ ಕಟ್ಟಬೇಕೆಂದು ಗೊತ್ತುಮಾಡಿತು, ಆ ಶುಲ್ಕದ ಮೇಲೆ ಕೋರ್ಟಿನಲ್ಲಿ ವ್ಯಾಜ್ಯವೂ ನಡೆಯಿತು. 2,000 ಚದರಡಿ ಅಂದರೆ 2 ಲಕ್ಷ ಡಾಲರ್. ಸೋಹೋದಲ್ಲಿ ಬೆಲೆ ಸ್ವಲ್ಪ ಕಮ್ಮಿ ಕಂಡರೆ ಮೊದಲು ಈ ಕಾರಣ ಇದೆಯಾ ಎಂದು ವಕೀಲರನ್ನು ಕೇಳಿ.

ಕಿಟಕಿ

ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಏಕೆಂದರೆ ನಾವು ಬಿಟ್ಟ ಎರಡನೇ ಮನೆಯನ್ನು ಬಿಟ್ಟದ್ದು ಇದಕ್ಕಾಗಿಯೇ.

ಮ್ಯಾನ್‌ಹಟನ್‌ನ ಸೈಟುಗಳು ಸಾಮಾನ್ಯವಾಗಿ 25 ಅಡಿ ಅಗಲ, 100 ಅಡಿ ಉದ್ದ. ಅಕ್ಕಪಕ್ಕದ ಕಟ್ಟಡಗಳು ಗೋಡೆಗೆ ಗೋಡೆ ಅಂಟಿಕೊಂಡಿರುತ್ತವೆ. ಹಾಗಾಗಿ ಲಾಫ್ಟ್ ಅಂದರೆ ಒಂದು ಉದ್ದನೆಯ ಪೆಟ್ಟಿಗೆ, ರಸ್ತೆ ಕಡೆ ಕಿಟಕಿ, ಹಿಂದುಗಡೆ ಕಿಟಕಿ, ನಡುವೆ ಕತ್ತಲು. ನಮ್ಮ ತೊಟ್ಟಿ ಮನೆಗಳಲ್ಲಿ ನಡುಮನೆಗೆ ಆಕಾಶದಿಂದಲೇ ಬೆಳಕು ಬೀಳುತ್ತದೆ, ಇಲ್ಲಿ ನಡುಮನೆಯೇ ಎಲ್ಲಕ್ಕಿಂತ ಕತ್ತಲು. ಫೋಟೋದಲ್ಲಿ ಇದು ಗೊತ್ತಾಗುವುದಿಲ್ಲ, ಎಲ್ಲ ದೀಪ ಹಾಕಿ ತೆಗೆದಿರುತ್ತಾರೆ. ಮನೆ ನೋಡಲು ಹೋದಾಗ ಎಲ್ಲ ದೀಪ ಆರಿಸಿ ಎಂದು ಕೇಳಿ. ನಡುಭಾಗದಲ್ಲಿ ನಿಂತು ಪೇಪರ್ ಓದಲು ಆಗುತ್ತದಾ ನೋಡಿ.

ಈಗ ಕೋಣೆಗಳ ವಿಷಯ. ಇಲ್ಲಿನ ನಿಯಮದಲ್ಲಿ ಮಲಗುವ ಕೋಣೆ ಅನ್ನಿಸಿಕೊಳ್ಳಬೇಕಾದರೆ ಬೆಳಕು ಗಾಳಿಗೆ ಕಾನೂನು ಒಪ್ಪುವ ಕಿಟಕಿ ಬೇಕು, ಕನಿಷ್ಠ 80 ಚದರಡಿ ಇರಬೇಕು, ಯಾವ ಬದಿಯೂ 8 ಅಡಿಗಿಂತ ಕಮ್ಮಿ ಇರಬಾರದು. ಕಿಟಕಿ ಇಲ್ಲದ ನಡುಭಾಗದಲ್ಲಿ ಗೋಡೆ ಎಬ್ಬಿಸಿ ಹಾಸಿಗೆ ಹಾಕಿರುತ್ತಾರೆ, ನಕ್ಷೆಯಲ್ಲಿ ಅದಕ್ಕೆ 'ಹೋಂ ಆಫೀಸ್' ಎಂದೋ 'ಡೆನ್' ಎಂದೋ ಹೆಸರು. ನಾವು ನೋಡಿದ ಒಂದು 'ಮೂರು ಬೆಡ್‌ರೂಂ' ಮನೆಯಲ್ಲಿ ನಿಜವಾದ ಬೆಡ್‌ರೂಂ ಇದ್ದದ್ದು ಒಂದೇ. ಮುಂದೆ ನೀವು ಮಾರುವಾಗ ಕೊಳ್ಳುವವರ ವಕೀಲರು ಇದನ್ನು ಖಂಡಿತ ಹಿಡಿಯುತ್ತಾರೆ.

ಇದಕ್ಕಿಂತ ಸೂಕ್ಷ್ಮವಾದದ್ದು ಪಕ್ಕದ ಗೋಡೆಯ ಕಿಟಕಿ. ಇದಕ್ಕೆ ಇಲ್ಲಿ ಲಾಟ್ ಲೈನ್ ಕಿಟಕಿ ಅನ್ನುತ್ತಾರೆ. ಪಕ್ಕದ ಕಟ್ಟಡ ಎರಡು ಅಂತಸ್ತಿನದು, ನಿಮ್ಮದು ಐದನೇ ಮಹಡಿ, ಪಕ್ಕದ ಗೋಡೆಯಲ್ಲಿ ಕಿಟಕಿ, ಅದರಿಂದ ಬಿಸಿಲು ಧಾರಾಳ. ಆದರೆ ಆ ಗೋಡೆ ನಿಂತಿರುವುದು ಸೈಟಿನ ಗಡಿ ಗೆರೆಯ ಮೇಲೆ. ನಾಳೆ ಪಕ್ಕದವರು ಎಂಟು ಅಂತಸ್ತು ಎಬ್ಬಿಸಿದರೆ ಆ ಕಿಟಕಿಯನ್ನು ಇಟ್ಟಿಗೆ ಇಟ್ಟು ಮುಚ್ಚಬೇಕು, ಖರ್ಚೂ ನಿಮ್ಮ ಕಡೆಯದೇ. ನಾವು ಬಿಟ್ಟ ಮನೆಯಲ್ಲಿ ದಕ್ಷಿಣಕ್ಕೆ ಇಂಥ ಮೂರು ಕಿಟಕಿ ಇದ್ದವು. ನನ್ನ ಹೆಂಡತಿ ಅಲ್ಲಿ ತುಳಸಿ ಇಡುವ ಜಾಗವನ್ನೂ ಗೊತ್ತು ಮಾಡಿಕೊಂಡಿದ್ದಳು. ಮಾರಾಟದ ಏಜೆಂಟ್ ಒಂದು ಸಲವೂ ಇದನ್ನು ಹೇಳಲಿಲ್ಲ. ನಮ್ಮ ವಕೀಲರು, ಮನೆಗಳನ್ನು ಮೊದಲ ಸಲ ಮಾರಾಟಕ್ಕಿಟ್ಟಾಗ ಮಾಡಿದ ಕಟ್ಟಡದ ಮೂಲ ಯೋಜನೆಯ ಪುಸ್ತಕ ಓದಿ, ಈ ಕಿಟಕಿಗಳು ಮುಂದೆ ಮುಚ್ಚಿಹೋಗಬಹುದು ಎಂದು ಬರೆದಿದ್ದ ಪುಟ ತೋರಿಸಿದರು. ಎರಡು ಮಲಗುವ ಕೋಣೆಗಳಿಗೆ ಅವೇ ಕಿಟಕಿ ಆಸರೆ. ಒಂದು ವಾರ ಯೋಚನೆ ಮಾಡಿ ಬಿಟ್ಟೆವು, ಬಿಡುವಾಗ ಹೊಟ್ಟೆ ಉರಿಯಿತು, ಆದರೂ ಇವತ್ತಿಗೂ ಅದು ಸರಿ ಅನ್ನಿಸುತ್ತದೆ.

ಇಂಥ ಕಿಟಕಿಯನ್ನು ನೀವೇ ಗುರುತಿಸಬಹುದು. ಪಕ್ಕದವರ ಮಾಳಿಗೆ ನೇರವಾಗಿ ಕೆಳಗೆ ಕಾಣುತ್ತದೆ. ಎಷ್ಟೋ ಸಲ ಗಾಜಿನೊಳಗೆ ತಂತಿಬಲೆ ಇರುತ್ತದೆ, ಕಿಟಕಿಯ ಮೇಲೆ ಬೆಂಕಿ ಆರಿಸುವ ನೀರಿನ ಸ್ಪ್ರಿಂಕ್ಲರ್ ಇರುತ್ತದೆ. ಕಂಡರೆ ನಗರದ ಝೋಲಾ ಎಂಬ ನಕ್ಷೆಯ ತಾಣದಲ್ಲಿ ಪಕ್ಕದ ಸೈಟನ್ನು ಒತ್ತಿ ನೋಡಿ, ಅಲ್ಲಿ ಎಷ್ಟು ಕಟ್ಟಬಹುದು, ಈಗ ಎಷ್ಟು ಕಟ್ಟಿದ್ದಾರೆ ಎಂಬುದು ಗೊತ್ತಾಗುತ್ತದೆ. ಪಕ್ಕದವರು ತಮ್ಮ ಮೇಲಿನ ಗಾಳಿಯ ಹಕ್ಕನ್ನು, ಅಂದರೆ ಇನ್ನೂ ಎತ್ತರಕ್ಕೆ ಕಟ್ಟುವ ಹಕ್ಕನ್ನು, ಬೇರೆಯವರಿಗೆ ಮಾರಿಬಿಟ್ಟಿದ್ದರೆ ನಿಮಗೆ ಸ್ವಲ್ಪ ನೆಮ್ಮದಿ. ಟ್ರೈಬೆಕಾದ ದೊಡ್ಡ ಭಾಗ 1991 ಮತ್ತು 1992ರಲ್ಲಿ ಐತಿಹಾಸಿಕ ವಲಯ ಎಂದು ಘೋಷಣೆಯಾಗಿದೆ, ಅಲ್ಲಿ ಹೊಸದಾಗಿ ಕಟ್ಟಲು ಲ್ಯಾಂಡ್‌ಮಾರ್ಕ್ಸ್ ಆಯೋಗದ ಒಪ್ಪಿಗೆ ಬೇಕು. ಕಟ್ಟಲೇಬಾರದು ಎಂದು ಅದರ ಅರ್ಥ ಅಲ್ಲ. ನಿಮ್ಮ ಕಿಟಕಿ ಬದಲಾಯಿಸಬೇಕಾದರೂ ಅದೇ ಆಯೋಗದ ಪರ್ಮಿಟ್ ಬೇಕು, ಹಳೇ ಮಾದರಿಗೇ ಹೊಂದಬೇಕು, ಖರ್ಚು ಜಾಸ್ತಿ. ಹಾಗಾಗಿ ಪ್ರತಿ ಕಿಟಕಿಯನ್ನೂ ತೆರೆದು ಮುಚ್ಚಿ ನೋಡಿ.

ಚದರಡಿ ಲೆಕ್ಕ

ಸೂಪರ್ ಬಿಲ್ಟಪ್, ಕಾರ್ಪೆಟ್ ಏರಿಯಾ ಜಗಳ ಇಲ್ಲೂ ಇದೆ. ಕಾಂಡೊದ, ಅಂದರೆ ಪ್ರತಿ ಮನೆಯೂ ಕೊಂಡವರ ಹೆಸರಿಗೇ ಇರುವ ಕಟ್ಟಡದ, ಮೂಲ ಯೋಜನೆಯಲ್ಲಿ ಕೊಟ್ಟ ಅಳತೆಗೆ ಹೊರಗೋಡೆಯ ದಪ್ಪ, ಕಂಬ, ಕೊಳವೆ ಹೋಗುವ ಕಿಂಡಿ ಎಲ್ಲ ಸೇರಿರಬಹುದು. ಹಳೇ ಗೋದಾಮಿನ ಗೋಡೆ ತುಂಬಾ ದಪ್ಪ. ಟೇಪ್ ಹಿಡಿದು ಅಳೆಯಿರಿ, ನಿಮ್ಮ ಅಳತೆ ಮೇಲೆ ಚದರಡಿ ಬೆಲೆ ಹಾಕಿ ಹೋಲಿಸಿ. ಅಷ್ಟೇ.

ಕಟ್ಟಡದ ಆರೋಗ್ಯ

ಒಂದು ಗೋಲಿ ಜೇಬಲ್ಲಿಟ್ಟುಕೊಂಡು ಹೋಗಿ. ನೆಲದ ಮೇಲೆ ಬಿಟ್ಟರೆ ಯಾವ ಕಡೆ ಉರುಳುತ್ತದೆ ನೋಡಿ. ಮರದ ಜಂತೆಯ ಮೇಲೆ ಕೂತ ನೂರು ವರ್ಷದ ನೆಲ ಸ್ವಲ್ಪ ಬಾಗುವುದು ಸಹಜ. ಒಂದು ಮೂಲೆಯ ಕಡೆಗೇ ಜೋರಾಗಿ ಓಡಿದರೆ ಎಂಜಿನಿಯರ್ ಕರೆಸಿ. ಇಲ್ಲಿ ಕಾಂಡೊ ಕೊಳ್ಳುವವರು ಎಷ್ಟೋ ಜನ ತಪಾಸಣೆ ಮಾಡಿಸುವುದೇ ಇಲ್ಲ, ಲಾಫ್ಟಿಗೆ ಆ ತಪ್ಪು ಮಾಡಬೇಡಿ. ಮನೆಯೊಳಗಷ್ಟೇ ಅಲ್ಲ, ಮಾಳಿಗೆ, ನೆಲಮಾಳಿಗೆ, ಬಾಯ್ಲರ್, ಲಿಫ್ಟಿನ ಯಂತ್ರ ಎಲ್ಲವನ್ನೂ ತೋರಿಸಿ ಎಂದು ಕೇಳಿ. ಕಾಲುದಾರಿಯ ಕೆಳಗೆ ಚಾಚಿರುವ ನೆಲಮಾಳಿಗೆಯ ಭಾಗವನ್ನು ಖಂಡಿತ ನೋಡಿ. ಅಲ್ಲಿ ನೀರು ಸೋರುವುದು, ಕಬ್ಬಿಣದ ತೊಲೆ ತುಕ್ಕು ಹಿಡಿಯುವುದು ಈ ಭಾಗದ ಹಳೇ ಕಾಯಿಲೆ, ಸರಿಪಡಿಸುವುದು ಬಹಳ ದುಬಾರಿ.

1979ರಲ್ಲಿ ಬ್ರಾಡ್‌ವೇಯಲ್ಲಿ ಕಟ್ಟಡದ ತುಣುಕೊಂದು ಬಿದ್ದು ಬರ್ನಾರ್ಡ್ ಕಾಲೇಜಿನ ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ಮುಂದಿನ ವರ್ಷವೇ ಹೊರಗೋಡೆ ತಪಾಸಣೆಯ ಕಾನೂನು ಬಂತು, 1998ರಲ್ಲಿ ಇನ್ನೂ ಬಿಗಿಯಾಯಿತು. ಆರು ಅಂತಸ್ತಿಗಿಂತ ಎತ್ತರದ ಕಟ್ಟಡವನ್ನು ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ವರದಿ ಕೊಡಬೇಕು. ಆ ವರದಿ ಕೇಳಿ. ಟ್ರೈಬೆಕಾದ ಎಷ್ಟೋ ಲಾಫ್ಟುಗಳು ಐದು, ಆರು ಅಂತಸ್ತಿನವು, ಅವಕ್ಕೆ ಈ ಕಾನೂನು ತಗಲುವುದಿಲ್ಲ, ಅಂದರೆ ಹೊರಗೋಡೆಯನ್ನು ಕೊನೆಗೆ ಯಾರು ಯಾವಾಗ ನೋಡಿದ್ದರು ಎಂದು ನೀವೇ ಕೇಳಿ ತಿಳಿಯಬೇಕು. ಚಿಕ್ಕ ಕಟ್ಟಡ ಎಂದು ಖುಷಿಪಡುವವರು ಇದನ್ನು ಮರೆಯುತ್ತಾರೆ. 25,000 ಚದರಡಿಗಿಂತ ದೊಡ್ಡ ಕಟ್ಟಡವಾದರೆ 2019ರ ಲೋಕಲ್ ಲಾ 97 ಕೂಡ ಅನ್ವಯಿಸುತ್ತದೆ. ಕಟ್ಟಡ ಹೊರಬಿಡುವ ಇಂಗಾಲ ಮಿತಿ ದಾಟಿದರೆ ಪ್ರತಿ ಟನ್ನಿಗೆ 268 ಡಾಲರ್ ದಂಡ, 2030ರಿಂದ ಮಿತಿ ಇನ್ನೂ ಬಿಗಿ. ಹಳೇ ಎಣ್ಣೆ ಬಾಯ್ಲರ್ ಇದ್ದರೆ ಅದನ್ನು ಬದಲಾಯಿಸುವ ಯೋಜನೆ ಏನು ಎಂದು ಕೇಳಿ.

2012ರ ಅಕ್ಟೋಬರ್ 29ರ ಸ್ಯಾಂಡಿ ಚಂಡಮಾರುತದಲ್ಲಿ ಹಡ್ಸನ್ ನದಿ ಉಕ್ಕಿ ಟ್ರೈಬೆಕಾದ ಪಶ್ಚಿಮ ಭಾಗದ ನೆಲಮಾಳಿಗೆಗಳಿಗೆ ನೀರು ನುಗ್ಗಿತ್ತು. ಗ್ರೀನ್‌ವಿಚ್, ವಾಷಿಂಗ್ಟನ್, ವೆಸ್ಟ್ ರಸ್ತೆಗಳ ಕಡೆ ನೋಡುವವರು ಆಗ ನೀರು ಎಲ್ಲಿವರೆಗೆ ಬಂದಿತ್ತು, ವಿದ್ಯುತ್ ಫಲಕವನ್ನು ಮೇಲಕ್ಕೆ ಎತ್ತಿದ್ದಾರಾ ಎಂದು ಕೇಳಬೇಕು. ಕೆಳಗಿನ ಅಂಗಡಿಯವರನ್ನು ಕೇಳಿದರೆ ಏಜೆಂಟ್‌ಗಿಂತ ಚೆನ್ನಾಗಿ ಹೇಳುತ್ತಾರೆ. 1960ಕ್ಕೆ ಮುಂಚಿನ ಕಟ್ಟಡವಾದ್ದರಿಂದ ಸೀಸದ ಬಣ್ಣವನ್ನೂ ಪರೀಕ್ಷೆ ಮಾಡಿಸಿ. ಮಗ ಸೊಸೆ ಪುಟ್ಟ ಮಗು ಕರೆದುಕೊಂಡು ಬರುವವರಿದ್ದರೆ ಇದು ಸಣ್ಣ ವಿಷಯವಲ್ಲ.

ಇದೆಲ್ಲ ಒಂದೇ ಕಡೆ ಸಿಗುವುದು ಕಾಂಡೊ ಆಡಳಿತ ಮಂಡಳಿಯ ಸಭೆಯ ನಡಾವಳಿಯಲ್ಲಿ. ಎರಡು ಮೂರು ವರ್ಷದ ನಡಾವಳಿಯನ್ನು ವಕೀಲರು ಹೋಗಿ ಓದುತ್ತಾರೆ. ಓದದ ವಕೀಲರಾದರೆ ಬೇರೆಯವರನ್ನು ಹಿಡಿಯಿರಿ. ಮಾಳಿಗೆ ಸೋರುವ ದೂರು, ಮೇಲಿನ ಮನೆಯ ಗದ್ದಲ, ಲಿಫ್ಟ್ ಕೆಟ್ಟದ್ದು, ಕೆಳಗಿನ ಹೋಟೆಲಿನ ಜೊತೆ ವ್ಯಾಜ್ಯ, ಎಲ್ಲ ಅದರಲ್ಲಿ ಬರೆದಿರುತ್ತದೆ. ನಿಧಿಯಲ್ಲಿ ಎಷ್ಟು ದುಡ್ಡಿದೆ ನೋಡಿ. ಎಂಟೇ ಮನೆಯ ಕಟ್ಟಡದಲ್ಲಿ 3,20,000 ಡಾಲರಿನ ಮಾಳಿಗೆ ಕೆಲಸ ಬಂತು ಅಂದುಕೊಳ್ಳಿ, ಪಾಲು ಸಮ ಇದ್ದರೂ ಮನೆಗೆ 40,000. ಐವತ್ತು ಮನೆಯ ಕಟ್ಟಡದಲ್ಲಿ ಅದೇ ಕೆಲಸ 6,400ಕ್ಕೆ ಮುಗಿಯುತ್ತದೆ. ಚಿಕ್ಕ ಕಟ್ಟಡದ ಸ್ನೇಹ, ಶಾಂತಿ ನನಗೆ ಇಷ್ಟ, ನಾವಿರುವುದೂ ಅಂಥದರಲ್ಲೇ, ಆದರೆ ಆ ಮೊತ್ತವನ್ನು ಬದಿಗಿಟ್ಟೇ ಬಂದೆವು.

ಬೆಲೆ ಬಿಟ್ಟು ಬೀಳುವ ದುಡ್ಡು

ಮ್ಯಾನ್‌ಹಟನ್‌ನಲ್ಲಿ ಮಾಲೀಕರಿರುವ ಅಪಾರ್ಟ್‌ಮೆಂಟುಗಳಲ್ಲಿ ಕೋ-ಆಪ್‌ಗಳೇ ಜಾಸ್ತಿ. ಅಲ್ಲಿ ನೀವು ಕೊಳ್ಳುವುದು ಸಂಸ್ಥೆಯ ಷೇರು, ಮಂಡಳಿ ಸಂದರ್ಶನ ಮಾಡಿ ಕಾರಣ ಹೇಳದೆಯೂ ಬೇಡ ಅನ್ನಬಹುದು. ಕಾಂಡೊದಲ್ಲಿ ಕ್ರಯಪತ್ರ ನಿಮ್ಮ ಹೆಸರಿಗೇ ಆಗುತ್ತದೆ. ಮಂಡಳಿಗೆ ಇರುವುದು ಅದೇ ಬೆಲೆಗೆ ತಾನೇ ಕೊಳ್ಳುವ ಮೊದಲ ಹಕ್ಕು ಮಾತ್ರ, ಅದನ್ನು ಬಳಸುವುದು ಬಹಳ ಅಪರೂಪ. ವೀಸಾದ ಮೇಲೆ ಇರುವವರಿಗೆ, ದುಡ್ಡಿನ ಒಂದು ಭಾಗ ಊರಿನಿಂದ ಬರುವವರಿಗೆ ಕಾಂಡೊನೇ ಸುಲಭ. ಆ ಸುಲಭಕ್ಕೆ ಬೆಲೆಯೂ ಇದೆ.

20 ಲಕ್ಷ ಡಾಲರಿನ ಮನೆ, 12 ಲಕ್ಷ ಸಾಲ ಎಂದು ಲೆಕ್ಕ ಹಾಕೋಣ. 10 ಲಕ್ಷ ಡಾಲರ್ ಮುಟ್ಟಿದ ಕೂಡಲೇ ಕೊಳ್ಳುವವರ ಮೇಲೆ ಮ್ಯಾನ್ಶನ್ ತೆರಿಗೆ ಬೀಳುತ್ತದೆ, ಶೇ. 1. 20 ಲಕ್ಷಕ್ಕೆ ಅದು ಶೇ. 1.25 ಆಗುತ್ತದೆ, ಅಂದರೆ 25,000. ಅಡಮಾನ ನೋಂದಣಿ ತೆರಿಗೆ, ಸಾಲ 5 ಲಕ್ಷ ಅಥವಾ ಜಾಸ್ತಿ ಇದ್ದರೆ ನಿಮ್ಮ ಪಾಲು ಶೇ. 1.925, ಇಲ್ಲಿ 23,100. ಈ ಎರಡೇ 48,100 ಆಯಿತು. ಇದರ ಮೇಲೆ ಟೈಟಲ್ ವಿಮೆ (ಮನೆಯ ಹಕ್ಕಿನ ಮೇಲೆ ತಕರಾರು ಬಂದರೆ ಕಾಯುವ ವಿಮೆ), ವಕೀಲರ ಫೀಸು, ಬ್ಯಾಂಕಿನ ಫೀಸು. ಬೆಲೆ ಮಾತಾಡುವಾಗ 20,00,000ಕ್ಕೆ ನಿಲ್ಲಿಸಬೇಡಿ, ಒಂದು ಡಾಲರ್ ಕೆಳಗಿಳಿಸಿದರೂ ತೆರಿಗೆ 5,000 ಕಮ್ಮಿ. 10 ಲಕ್ಷದ ಗಡಿಯಲ್ಲಿ ಹೀಗೇ 10,000 ಉಳಿಯುತ್ತದೆ. ಮಾರುವವರ ಮೇಲೆ ಹಳೇ ಸಾಲ ಇದ್ದರೆ ಅದನ್ನು ನಿಮ್ಮ ಬ್ಯಾಂಕಿಗೆ ವರ್ಗಾಯಿಸಿಕೊಳ್ಳುವ ಸೀಮಾ ಎಂಬ ದಾರಿ ಇದೆ, ನೋಂದಣಿ ತೆರಿಗೆಯಲ್ಲಿ ದೊಡ್ಡ ಮೊತ್ತ ಉಳಿಯುತ್ತದೆ. ಎರಡೂ ಬ್ಯಾಂಕು ಒಪ್ಪಬೇಕು, ಮೊದಲೇ ಕೇಳಿಡಿ. ತಿಂಗಳಿಗೆ ಕಟ್ಟಡದ ನಿರ್ವಹಣೆಗೆ ಕೊಡುವ ಕಾಮನ್ ಚಾರ್ಜ್ ಬೇರೆ, ಆಸ್ತಿ ತೆರಿಗೆ ಬೇರೆ. ನೀವೇ ವಾಸವಿದ್ದರೆ ಆಸ್ತಿ ತೆರಿಗೆಯಲ್ಲಿ ಶೇ. 17.5ರಿಂದ 28.1ರವರೆಗೆ ರಿಯಾಯಿತಿ ಇದೆ. ಈಗ ಕಮ್ಮಿ ಕಾಣುವ ತೆರಿಗೆ ಯಾವುದಾದರೂ ಮುಗಿಯುವ ವಿನಾಯಿತಿಯಿಂದ ಕಮ್ಮಿಯಾಗಿದೆಯಾ, ಅದು ಮುಗಿಯುವ ವರ್ಷ ಯಾವುದು, ಬರೆದುಕೊಂಡು ಕೇಳಿ.

ಇನ್ನೊಂದು ಕೊಕ್ಕೆ ಲಾಫ್ಟ್ ಕಟ್ಟಡಗಳಿಗೇ ವಿಶೇಷ. ಕೆಳಗಿನ ಅಂತಸ್ತಿನಲ್ಲಿ ದೊಡ್ಡ ಅಂಗಡಿಯೋ ಹೋಟೆಲೋ ಇರುತ್ತದೆ. ಕಟ್ಟಡದ ಶೇ. 35ಕ್ಕಿಂತ ಜಾಸ್ತಿ ಭಾಗ ವ್ಯಾಪಾರಕ್ಕಿದ್ದರೆ ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಂಡುಕೊಳ್ಳುವ ಫ್ಯಾನಿ ಮೇ ಸಂಸ್ಥೆ ಅಂಥ ಸಾಲ ಕೊಳ್ಳುವುದಿಲ್ಲ, ಬೇರೆ ಬ್ಯಾಂಕುಗಳೂ ಹಿಂದೆಮುಂದೆ ನೋಡುತ್ತವೆ. ಐದು ಅಂತಸ್ತಿನ ಕಟ್ಟಡದಲ್ಲಿ ನೆಲ ಅಂತಸ್ತು, ನೆಲಮಾಳಿಗೆ ಎರಡೂ ಅಂಗಡಿಯದಾದರೆ ಆ ಗೆರೆ ಹತ್ತಿರವೇ ಇರುತ್ತದೆ. ಆಫರ್ ಕೊಡುವ ಮೊದಲೇ ಬ್ಯಾಂಕಿಗೆ ಕಟ್ಟಡದ ವಿಳಾಸ ಕೊಟ್ಟು ವಿಚಾರಿಸಿ.

ಊರಿನ ಸೈಟ್ ಮಾರಿ ಅಪ್ಪ ಅಮ್ಮ ದುಡ್ಡು ಕಳಿಸುವುದಾದರೆ ಆರು ತಿಂಗಳು ಮೊದಲೇ ಶುರು ಮಾಡಿ. ಭಾರತದಲ್ಲಿರುವವರು ತಲೆಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. ಇಂಥ ಕೆಲಸಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇ. 20 ತೆರಿಗೆ ಹಿಡಿಯುತ್ತದೆ, ಆಮೇಲೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಆ ಹೊತ್ತಿಗೆ ಕೈಯಲ್ಲಿ ದುಡ್ಡು ಇರಬೇಕಲ್ಲ. ವರ್ಷಕ್ಕೆ 1 ಲಕ್ಷ ಡಾಲರಿಗಿಂತ ಜಾಸ್ತಿ ಉಡುಗೊರೆ ಬಂದರೆ ಇಲ್ಲಿ ನೀವು 3520 ನಂಬರಿನ ಫಾರಂ ತುಂಬಬೇಕು. ತೆರಿಗೆ ಇಲ್ಲ, ಆದರೆ ತುಂಬದಿದ್ದರೆ ದಂಡ ಭಾರಿ. ಸಾಲ ಕೊಡುವವರು ಎರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ, ಮಧ್ಯದಲ್ಲಿ ದೊಡ್ಡ ಮೊತ್ತ ಬಂದಿದ್ದರೆ ಅದರ ಮೂಲ ತೋರಿಸಬೇಕು.

ಮಾತು ಮತ್ತು ಸಹಿ

ನ್ಯೂಯಾರ್ಕಿನಲ್ಲಿ ಆಫರ್ ಒಪ್ಪಿದರು ಅಂದರೆ ಏನೂ ಆಗಿಲ್ಲ ಎಂದೇ ತಿಳಿಯಿರಿ. ಎರಡೂ ಕಡೆ ಸಹಿ ಬೀಳುವವರೆಗೆ ಯಾರೂ ಯಾರಿಗೂ ಕಟ್ಟುಬಿದ್ದಿಲ್ಲ. ನಮ್ಮ ಮೊದಲ ಮನೆ ಹೋದದ್ದು ಹೀಗೆ. ಸೋಮವಾರ ಒಪ್ಪಿದರು, ಊರಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆವು, ಗುರುವಾರ ಇನ್ನೊಬ್ಬರು ಜಾಸ್ತಿ ಕೊಟ್ಟರು. ವಕೀಲರನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರೆ ಆ ಮೂರು ದಿನದಲ್ಲಿ ಕೆಲಸ ಅರ್ಧ ಮುಗಿದಿರುತ್ತಿತ್ತು. ಹಾಗಾಗಿ ಮನೆ ಹುಡುಕುವ ಮೊದಲು ವಕೀಲರನ್ನು ಹುಡುಕಿ, ಲಾಫ್ಟ್ ಕಟ್ಟಡಗಳ ಕಾಗದ ಓದಿ ಅಭ್ಯಾಸ ಇರುವವರನ್ನು. ಸಹಿ ಹಾಕುವಾಗ ಶೇ. 10 ಠೇವಣಿ ಕೊಡಬೇಕು, ಅದು ಮಾರುವವರ ವಕೀಲರ ಎಸ್ಕ್ರೋ ಖಾತೆಯಲ್ಲಿ, ಅಂದರೆ ವ್ಯವಹಾರ ಮುಗಿಯುವವರೆಗೆ ಯಾರೂ ಮುಟ್ಟದ ಖಾತೆಯಲ್ಲಿ ಇರುತ್ತದೆ. ಸಾಲ ಸಿಗದಿದ್ದರೆ ಠೇವಣಿ ವಾಪಸ್ ಎಂಬ ಷರತ್ತು ಒಪ್ಪಂದದಲ್ಲಿ ಇರಲೇಬೇಕು, ಏಜೆಂಟ್ ಎಷ್ಟು ಅವಸರ ಮಾಡಿದರೂ ಅದನ್ನು ಬಿಡಬೇಡಿ. ಮಾರುವವರು ಅಮೆರಿಕದವರಲ್ಲದಿದ್ದರೆ ಬೆಲೆಯ ಶೇ. 15 ಹಿಡಿದು ತೆರಿಗೆ ಇಲಾಖೆಗೆ ಕಟ್ಟುವ ಜವಾಬ್ದಾರಿ ನಿಮ್ಮದು, ಇದನ್ನೂ ವಕೀಲರಿಗೆ ನೆನಪಿಸಿ.

ಇದ್ದು ಬಾಳುವ ವಿಷಯ

ಲಾಫ್ಟಿನಲ್ಲಿ ಅಡುಗೆಮನೆಗೆ ಗೋಡೆ ಇರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟರೆ ಘಾಟು ಹಾಸಿಗೆಯವರೆಗೂ ಹೋಗುತ್ತದೆ, ಮಳೆಗಾಲದ ಕೋಟಿನಲ್ಲೂ ಇಂಗಿನ ವಾಸನೆ ಕೂರುತ್ತದೆ. ಒಲೆಯ ಮೇಲಿನ ಹುಡ್ ಹೊಗೆಯನ್ನು ಹೊರಗೆ ಬಿಡುತ್ತದಾ, ಇಲ್ಲ ಸೋಸಿ ಮತ್ತೆ ಮನೆಯೊಳಗೇ ಬಿಡುತ್ತದಾ ನೋಡಿ. ಹೆಚ್ಚಿನವು ಒಳಗೇ ಬಿಡುತ್ತವೆ. ಮಾಳಿಗೆಗೆ ಹೋಗುವ ಕೊಳವೆ ದಾರಿ ಇಲ್ಲದಿದ್ದರೆ ಮುಂಭಾಗದ ಗೋಡೆ ಕೊರೆಯಲು ಮಂಡಳಿ, ಲ್ಯಾಂಡ್‌ಮಾರ್ಕ್ಸ್ ಆಯೋಗ ಎರಡೂ ಒಪ್ಪಬೇಕು, ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಲೆ ಹಚ್ಚಿಯೂ ನೋಡಿ. ನಾಲ್ಕು ವರ್ಷಕ್ಕೊಮ್ಮೆ ಗ್ಯಾಸ್ ಕೊಳವೆ ತಪಾಸಣೆ ಕಡ್ಡಾಯ, ಸೋರಿಕೆ ಸಿಕ್ಕರೆ ಇಡೀ ಕಟ್ಟಡದ ಗ್ಯಾಸ್ ನಿಲ್ಲಿಸುತ್ತಾರೆ, ಮತ್ತೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಶಬ್ದವನ್ನು ಕಿವಿಯಿಂದಲೇ ನೋಡಬೇಕು. ಕಲ್ಲು ಹಾಸಿದ ರಸ್ತೆ ನೋಡಲು ಚೆಂದ, ರಾತ್ರಿ ಎರಡು ಗಂಟೆಗೆ ಲಾರಿ ಹೋದರೆ ಮನೆಯೇ ನಡುಗುತ್ತದೆ. ಹಾಲೆಂಡ್ ಸುರಂಗದ ಕಡೆ ಹೋಗುವ ಕಾರುಗಳು ಸಂಜೆ ಕೆನಾಲ್, ಹಡ್ಸನ್, ವಾರಿಕ್ ರಸ್ತೆಗಳಲ್ಲಿ ಹಾರ್ನ್ ಹೊಡೆಯುತ್ತಾ ನಿಂತಿರುತ್ತವೆ. ಶುಕ್ರವಾರ ಸಂಜೆ ಆರಕ್ಕೆ ಒಮ್ಮೆ, ರಾತ್ರಿ ಹನ್ನೊಂದಕ್ಕೆ ಒಮ್ಮೆ, ಭಾನುವಾರ ಬೆಳಿಗ್ಗೆ ಒಮ್ಮೆ ಹೋಗಿ ಕಿಟಕಿಯ ಕೆಳಗೆ ನಿಲ್ಲಿ. ಮೇಲಿನ ಮನೆಯವರ ಹೆಜ್ಜೆ ಸದ್ದು ಮರದ ನೆಲದಲ್ಲಿ ಜೋರು. ಎಷ್ಟೋ ಕಟ್ಟಡಗಳಲ್ಲಿ ನೆಲದ ಶೇ. 80 ಭಾಗಕ್ಕೆ ಜಮಖಾನೆ ಹಾಸಬೇಕೆಂಬ ನಿಯಮ ಇದೆ, ನಿಮ್ಮ ಮೇಲಿನವರು ಪಾಲಿಸುತ್ತಿದ್ದಾರಾ ವಿಚಾರಿಸಿ. ಕಾರು ಇಟ್ಟುಕೊಳ್ಳುವ ಯೋಚನೆ ಇದ್ದರೆ 2025ರ ಜನವರಿಯಿಂದ ಮ್ಯಾನ್‌ಹಟನ್‌ನ 60ನೇ ರಸ್ತೆಯ ದಕ್ಷಿಣಕ್ಕೆ ಬರುವ ಕಾರಿಗೆ ದಟ್ಟಣೆಯ ಹೊತ್ತಿನಲ್ಲಿ ದಿನಕ್ಕೆ 9 ಡಾಲರ್ ಬೀಳುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ನಾವು ಕಾರು ಮಾರಿದೆವು, ಫ್ರ್ಯಾಂಕ್ಲಿನ್ ಸ್ಟ್ರೀಟ್ ಸಬ್‌ವೇ ಸಾಕಾಗಿದೆ.

ನೋಂದಣಿಯ ದಿನ ಬೆಳಿಗ್ಗೆ ಮನೆಯನ್ನು ಕೊನೆಯ ಸಲ ನೋಡುವ ಹಕ್ಕು ನಿಮಗಿದೆ. ಅವಸರ ಮಾಡಬೇಡಿ. ಎಲ್ಲ ನಲ್ಲಿ ಒಟ್ಟಿಗೆ ತಿರುಗಿಸಿ, ಹೀಟರ್ ಹಾಕಿ, ಒಲೆಯ ನಾಲ್ಕೂ ಬರ್ನರ್ ಹಚ್ಚಿ, ಲಿಫ್ಟಿನ ಕೀಲಿ ತಿರುಗಿಸಿ, ಸಾಮಾನು ತೆಗೆದ ಮೇಲೆ ಗೋಡೆಯ ಹಿಂದೆ ತೇವ ಇದೆಯಾ ಕೈಯಿಟ್ಟು ನೋಡಿ. ನಮಗೆ ಆ ಬೆಳಿಗ್ಗೆ ಸೋಫಾ ಇದ್ದ ಜಾಗದ ಹಿಂದೆ ಒಂದು ಕಂದು ಕಲೆ ಕಂಡಿತು. ಅಲ್ಲಿಂದಲೇ ವಕೀಲರಿಗೆ ಫೋನ್ ಮಾಡಿದೆವು. ದುರಸ್ತಿಗೆಂದು ಒಂದು ಮೊತ್ತವನ್ನು ಎಸ್ಕ್ರೋದಲ್ಲೇ ತಡೆಹಿಡಿದು ಮಧ್ಯಾಹ್ನ ಸಹಿ ಹಾಕಿದೆವು, ಸಂಜೆ ಕೀಲಿ ತೆಗೆದುಕೊಂಡು ಹಾಲು ಉಕ್ಕಿಸಿದೆವು.